ಬೆರಳ ತುದಿಯ ಲೆಕ್ಕ

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು ಅಂಕಿ-ಅಂಶಗಳನ್ನು ನಂಬಿಯೇ ಬದುಕಿದವನು ನಾನು. ಮಳೆಯ ಪ್ರಮಾಣ, ಬಿತ್ತನೆಯ ವಿಸ್ತೀರ್ಣ, ಕಂದಾಯ ವಸೂಲಿ, ಪಡಿತರ ಬಿಡುಗಡೆ, ಯಾವುದೇ ವಿಷಯವಿರಲಿ, ಕಾಗದದ ಮೇಲೆ ಒಂದು ಸಂಖ್ಯೆ ಬಂದು ಕುಳಿತರೆ ಅದಕ್ಕೆ ತಾನಾಗಿ ಸತ್ಯದ ಕಳೆ ಬಂದುಬಿಡುತ್ತದೆ ಎಂಬುದು ನಮ್ಮ ವೃತ್ತಿಯ ನಂಬಿಕೆ. ಎರಡು ವರ್ಷಗಳ ಹಿಂದೆ, ಮೇ ತಿಂಗಳ ಒಂದು ರಾತ್ರಿ, ಅಂಥದೇ ಒಂದು ಸಂಖ್ಯೆಯನ್ನು ನಂಬಿ ನಾನು ಪ್ರಾಣಾಪಾಯ ತಂದುಕೊಂಡೆ. ಮನೆಯಲ್ಲಿಯೇ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವ ಅಸಂಖ್ಯ ಮಂದಿಯಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು, ಸಂಕೋಚವನ್ನು ಬದಿಗಿಟ್ಟು ಆ ಪ್ರಸಂಗವನ್ನು ಇಲ್ಲಿ ಹೇಳುತ್ತಿದ್ದೇನೆ.

ಬೇಸಿಗೆ ರಜೆಗೆಂದು ಮೊಮ್ಮಗಳು ಬಂದಿದ್ದಳು. ರಾತ್ರಿ ಊಟವಾದ ಮೇಲೆ ಅವಳಿಗೆಂದು ಎರಡು ಬಾದಾಮಿ ಮಾವಿನಹಣ್ಣು ಹೆಚ್ಚಿಕೊಟ್ಟೆ. ನಾನು ಒಂದು ಹೋಳನ್ನೂ ಬಾಯಿಗಿಡಲಿಲ್ಲ. ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಊಟವಾಗಿ ಎರಡು ಗಂಟೆಯಾಯಿತೆಂದು ಗ್ಲುಕೋಮೀಟರ್ ತೆಗೆದು ಬೆರಳು ಚುಚ್ಚಿಕೊಂಡೆ. 318 ಎಂದು ಬಂತು. ರಾತ್ರಿಯ ಹೊತ್ತು 160-170ರ ಆಸುಪಾಸಿನಲ್ಲಿರುತ್ತಿದ್ದ ನನಗೆ ಅದನ್ನು ಕಂಡು ಗಾಬರಿಯಾಯಿತು. ಇನ್ನೊಮ್ಮೆ ಪರೀಕ್ಷಿಸಬಹುದಿತ್ತು. ಆದರೆ ಸುಮಾರು ಇಪ್ಪತ್ತು ರೂಪಾಯಿಯ ಪಟ್ಟಿಯೊಂದು ವ್ಯರ್ಥವಾಗುತ್ತದೆಂದು ಸುಮ್ಮನಾದೆ. ಮರುದಿನ ಬೆಳಿಗ್ಗೆ ತೆಗೆದುಕೊಳ್ಳಬೇಕಾಗಿದ್ದ ಗ್ಲಿಮೆಪಿರೈಡ್ ಮಾತ್ರೆಯನ್ನು ಆ ರಾತ್ರಿಯೇ ನುಂಗಿ ಮಲಗಿದೆ.

ಎರಡೂವರೆಯ ಹೊತ್ತಿಗೆ ನನ್ನ ಪತ್ನಿ ನನ್ನನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದರು. ಅಂಗಿ ಬೆವರಿನಿಂದ ತೊಯ್ದುಹೋಗಿತ್ತು, ಕೈ ನಡುಗುತ್ತಿತ್ತು. ‘ಏನಾಗ್ತಿದೆ ರೀ?’ ಎಂದು ಅವರು ಕೇಳಿದ್ದು ಕಿವಿಗೆ ಬಿದ್ದರೂ ಉತ್ತರ ಕೊಡಲು ಮಾತು ಕೂಡಿಬರಲಿಲ್ಲ. ಅವರು ಪರೀಕ್ಷಿಸಿದಾಗ ಬಂದ ಸಂಖ್ಯೆ 48. ಮೂರು ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು. 79ಕ್ಕೆ ಏರಿತ್ತು. ಈ ಮಾತ್ರೆಯ ಪರಿಣಾಮ ಬಹಳ ಹೊತ್ತು ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದೆಂದು, ದೂರವಾಣಿಯಲ್ಲಿ ಸಿಕ್ಕ ವೈದ್ಯರು ಎಚ್ಚರಿಸಿದರು. ಬ್ರೆಡ್ಡು, ಹಾಲು ತೆಗೆದುಕೊಂಡು ಬೆಳಗಿನವರೆಗೆ ಇಬ್ಬರೂ ಕುಳಿತೇ ಇದ್ದೆವು.

ಬೆಳಿಗ್ಗೆ ವೈದ್ಯರು ನಡೆದದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: ‘ಸರ್, ಚುಚ್ಚಿಕೊಳ್ಳುವ ಮುಂಚೆ ಕೈ ತೊಳೆದುಕೊಂಡಿದ್ರಾ?’

318 ಎಂಬ ಆ ಸಂಖ್ಯೆ ನನ್ನ ರಕ್ತದ್ದಾಗಿರಲಿಲ್ಲ, ಬೆರಳಿಗೆ ಮೆತ್ತಿಕೊಂಡಿದ್ದ ಮಾವಿನಹಣ್ಣಿನ ರಸದ್ದಾಗಿತ್ತು. ಇದು ನನ್ನೊಬ್ಬನ ದಡ್ಡತನವಲ್ಲವೆಂದು ಆಮೇಲೆ ತಿಳಿಯಿತು. 2011ರಲ್ಲಿ ಜಪಾನಿನ ಸಂಶೋಧಕರು ಮಧುಮೇಹವಿಲ್ಲದ ಆರೋಗ್ಯವಂತರಿಂದ ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣುಗಳನ್ನು ಸುಲಿಸಿ, ಬಳಿಕ ಅವರ ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿದರು. ಕೈ ತೊಳೆಯದಿದ್ದಾಗ ಸಕ್ಕರೆ ವಿಪರೀತ ಹೆಚ್ಚಾಗಿ ಕಾಣಿಸಿತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ದೋಷ ಹೋಗಲಿಲ್ಲ. ನಲ್ಲಿಯ ನೀರಿನಲ್ಲಿ ತೊಳೆದಾಗ ಮಾತ್ರ ಸರಿಯಾದ ಪ್ರಮಾಣ ಬಂತು. ಒಂದು ಹನಿ ರಕ್ತದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ರಕ್ತವನ್ನು ಅಳೆಯುವ ಉಪಕರಣಕ್ಕೆ, ಬೆರಳಿನ ಮೇಲಿನ ಅಣುವಿನಷ್ಟು ಸಿಹಿಯೂ ದೊಡ್ಡದೇ. ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳುವುದು, ಅನುಮಾನ ಬಂದ ಸಂಖ್ಯೆಯನ್ನು ಎರಡನೆಯ ಬಾರಿ ಪರೀಕ್ಷಿಸುವುದು, ಒಂದು ಸಂಖ್ಯೆಯನ್ನು ಕಂಡು ವೈದ್ಯರನ್ನು ಕೇಳದೆ ಮಾತ್ರೆಯನ್ನು ಹೆಚ್ಚು-ಕಡಿಮೆ ಮಾಡದಿರುವುದು, ಇಷ್ಟು ಪಾಠವನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ.

ಹಾಗೆಂದು ಈ ಪುಟ್ಟ ಉಪಕರಣವನ್ನು ನಾನು ಹಳಿಯಲಾರೆ. ಅದಿಲ್ಲದ ಕಾಲವನ್ನು ಕಂಡವನು ನಾನು. 1970ರ ದಶಕದಲ್ಲಿ ತಿಪಟೂರಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ನನ್ನ ತಂದೆಗೆ ಸಕ್ಕರೆ ಕಾಯಿಲೆಯಿತ್ತು. ಹದಿನೈದು ದಿನಗಳಿಗೊಮ್ಮೆ ಬೆಳಿಗ್ಗೆ ಅವರು ಗಾಜಿನ ಪ್ರನಾಳದಲ್ಲಿ ಬೆನೆಡಿಕ್ಟ್ ದ್ರಾವಣವನ್ನು ತೆಗೆದುಕೊಂಡು, ಅದಕ್ಕೆ ಕೆಲವು ಹನಿ ಮೂತ್ರ ಸೇರಿಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲವೆಂದು ಅರ್ಥ. ಹಸಿರು, ಹಳದಿ, ಕಿತ್ತಳೆಯಾಗುತ್ತ ಕೊನೆಗೆ ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಸಕ್ಕರೆ ಬಹಳವೆಂದು ಅರ್ಥ. ನೀಲಿ ಉಳಿದ ದಿನ ಅವರು ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಮ್ಮನಿಗೆ ತೋರಿಸುತ್ತಿದ್ದರು. ಅಂದು ಮನೆಯಲ್ಲಿ ಒಂದು ಬಗೆಯ ಸಮಾಧಾನ.

ಆ ನೀಲಿ ಬಣ್ಣ ಅವರನ್ನು ವಂಚಿಸುತ್ತಿತ್ತೆಂಬುದು ಆಗ ನಮಗೆ ಗೊತ್ತಿರಲಿಲ್ಲ. ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಮೂತ್ರದಲ್ಲಿ ಇಳಿಯತೊಡಗುತ್ತದೆ. ವಯಸ್ಸಾದವರಲ್ಲಿ ಈ ಮಿತಿ ಇನ್ನೂ ಮೇಲಿರಬಹುದು. ಅಂದರೆ ವರ್ಷಗಟ್ಟಲೆ 170ರಲ್ಲಿ ನಿಂತ ಸಕ್ಕರೆಯನ್ನು ಆ ಪ್ರನಾಳ ಎಂದೂ ತೋರಿಸುವುದಿಲ್ಲ. ತಂದೆ ತಮ್ಮ 58ನೆಯ ವಯಸ್ಸಿನಲ್ಲಿ ಮೂತ್ರಪಿಂಡಗಳು ಸೋತು ತೀರಿಕೊಂಡರು. ಕಪಾಟಿನಲ್ಲಿ ನೀಲಿ ದ್ರಾವಣದ ಸೀಸೆ ಅರ್ಧ ಉಳಿದಿತ್ತು.

ಅದೇ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರಕ್ತದ ಸಕ್ಕರೆಯನ್ನು ನಿಮಿಷಗಳಲ್ಲಿ ಅಳೆಯುವ ಮಾಪಕ ಬಂದಿತ್ತು. ಆಂಟನ್ ಕ್ಲೆಮೆನ್ಸ್ ಎಂಬ ತಂತ್ರಜ್ಞ ರೂಪಿಸಿದ ಅದು ಒಂದು ಕಿಲೋಗ್ರಾಂಗೂ ಮಿಕ್ಕಿ ತೂಗುತ್ತಿತ್ತು. ನೂರಾರು ಡಾಲರ್ ಬೆಲೆಯ ಅದನ್ನು ತಯಾರಕರು ವೈದ್ಯರಿಗೆಂದು ಮಾರುತ್ತಿದ್ದರೇ ಹೊರತು ರೋಗಿಗಳಿಗಲ್ಲ. ಬಾಲ್ಯದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರ್, ವೈದ್ಯೆಯಾಗಿದ್ದ ತಮ್ಮ ಪತ್ನಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡು ದಿನಕ್ಕೆ ಹಲವು ಬಾರಿ ಪರೀಕ್ಷಿಸಿಕೊಂಡು, ಆಹಾರವನ್ನೂ ಇನ್ಸುಲಿನ್ನನ್ನೂ ಹೊಂದಿಸಿಕೊಂಡರು. ಎಂಜಿನಿಯರನ ಮಾತನ್ನು ವೈದ್ಯಲೋಕ ಕೇಳಲಿಲ್ಲವೆಂದು ನಲವತ್ತು ದಾಟಿದ ಮೇಲೆ ಅವರು ವೈದ್ಯಕೀಯ ಕಾಲೇಜು ಸೇರಿ ವೈದ್ಯರೇ ಆದರು. 2025ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳು ಉಳಿಯುತ್ತವೆಂಬುದು 1993ರಲ್ಲಿ ಪ್ರಕಟವಾದ ಅಮೆರಿಕದ ದೀರ್ಘಾವಧಿ ಅಧ್ಯಯನದಿಂದ ಮೊದಲನೆಯ ಬಗೆಯ ಮಧುಮೇಹಿಗಳ ವಿಷಯದಲ್ಲಿಯೂ, 1998ರ ಬ್ರಿಟನ್ನಿನ ಅಧ್ಯಯನದಿಂದ ನಮ್ಮಲ್ಲಿ ಹೆಚ್ಚಾಗಿರುವ ಎರಡನೆಯ ಬಗೆಯವರ ವಿಷಯದಲ್ಲಿಯೂ ಖಚಿತವಾಯಿತು. ನನ್ನ ತಂದೆಯ ಪಾಲಿಗೆ ಈ ತಿಳಿವಳಿಕೆ ತಡವಾಗಿ ಬಂತು. ನನ್ನ ಪಾಲಿಗೆ ಸಕಾಲದಲ್ಲಿಯೇ ಬಂದಿದೆ. ಅದನ್ನು ನಾನು ಹೇಗೆ ಬಳಸಿಕೊಂಡೆನೆಂಬುದು ಬೇರೆಯೇ ಕಥೆ.

ಜಿಲ್ಲೆಗಳಲ್ಲಿ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಗಳನ್ನು ನಡೆಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಪ್ರತಿ ತಿಂಗಳೂ ಗುರಿ ಮತ್ತು ಸಾಧನೆಯ ಅಂಕಣಗಳನ್ನು ಕೇಳತೊಡಗಿದರೆ, ಕೆಲವು ತಿಂಗಳಲ್ಲಿ ಅಂಕಣಗಳು ಸುಧಾರಿಸುತ್ತವೆ, ಹಳ್ಳಿ ಹಾಗೆಯೇ ಇರುತ್ತದೆ. ಅಳತೆಗೋಲನ್ನೇ ಗುರಿಯಾಗಿಸಿದರೆ ಅದು ಅಳತೆಗೋಲಾಗಿ ಉಳಿಯುವುದಿಲ್ಲವೆಂಬ ಅರ್ಥದ ಮಾತು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಸಭೆಗಳಲ್ಲಿ ಇದನ್ನು ಕಿರಿಯ ಅಧಿಕಾರಿಗಳಿಗೆ ಬುದ್ಧಿವಾದವಾಗಿ ಹೇಳಿದವನು ನಾನೇ.

ಮಧುಮೇಹ ಪತ್ತೆಯಾದ ಮೇಲೆ ನಾನು ಗೆರೆ ಎಳೆದು ಒಂದು ವಹಿ ಸಿದ್ಧಪಡಿಸಿದೆ. ದಿನಾಂಕ, ವೇಳೆ, ಪ್ರಮಾಣ, ಷರಾ ಎಂದು ನಾಲ್ಕು ಅಂಕಣಗಳು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ 110, 118, 122 ಎಂದು ಮುದ್ದಾಗಿ ಬರೆಯುತ್ತಿದ್ದೆ. ಮದುವೆಯ ಊಟ ಮಾಡಿ ಬಂದ ಮರುದಿನ ಪರೀಕ್ಷೆಯೇ ಇಲ್ಲ. ಹಬ್ಬದ ವಾರ ಪೂರ್ತಿ ಖಾಲಿ. ಊಟದ ನಂತರದ ಪರೀಕ್ಷೆಯನ್ನು ರಾತ್ರಿ ಹಗುರವಾಗಿ ಉಂಡ ದಿನಗಳಲ್ಲಿ ಮಾತ್ರ ಮಾಡುತ್ತಿದ್ದೆ. ವೈದ್ಯರು ವಹಿಯನ್ನು ನೋಡಿ ಸಂತೋಷಪಟ್ಟರು. ಅನಂತರ ಎಚ್‌ಬಿಎ1ಸಿ ಪರೀಕ್ಷೆಯ ವರದಿ ಬಂತು. ರಕ್ತದ ಕೆಂಪುಕಣಗಳಲ್ಲಿ ಅಂಟಿಕೊಂಡ ಸಕ್ಕರೆಯಿಂದ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳುವ ಈ ಪರೀಕ್ಷೆ ಒಂದು ಬಗೆಯ ಲೆಕ್ಕ ತಪಾಸಣೆ. ಸಾಮಾನ್ಯವಾಗಿ ಶೇ 7ರೊಳಗೆ ಇರಬೇಕೆನ್ನುವುದು ನನಗೆ 8.4 ಇತ್ತು. ವೈದ್ಯರು ವಹಿಯನ್ನು ಮಡಿಸಿ ನನ್ನ ಕೈಗಿಟ್ಟು, ‘ಸರ್, ಇದು ನಿಮ್ಮ ಸಕ್ಕರೆಯ ದಾಖಲೆ ಅಲ್ಲ, ನಿಮ್ಮ ಒಳ್ಳೆಯ ದಿನಗಳ ದಾಖಲೆ’ ಎಂದರು. ಅಷ್ಟು ಶಾಂತವಾದ ತಪಾಸಣಾ ಟಿಪ್ಪಣಿಯನ್ನು ನಾನು ಸೇವೆಯಲ್ಲಿ ಕಂಡಿರಲಿಲ್ಲ. ಯಾರನ್ನು ಮೆಚ್ಚಿಸಲು ನಾನು ಆ ವಹಿ ಬರೆದೆ? ವರ್ಗಾವಣೆಯ ಭಯವಿಲ್ಲ, ಬಡ್ತಿಯ ಆಸೆಯಿಲ್ಲ. ಕಿಟಕಿಯ ಬೆಳಕಿಗೆ ನೀಲಿ ಪ್ರನಾಳ ಹಿಡಿಯುತ್ತಿದ್ದ ತಂದೆಗಾದರೂ ಸತ್ಯ ತಿಳಿಯುವ ದಾರಿಯಿರಲಿಲ್ಲ. ನನಗೆ ದಾರಿಯಿತ್ತು, ನೋಡಲು ಮನಸ್ಸಿರಲಿಲ್ಲ.

ಹಾಗಾದರೆ ಎಷ್ಟು ಬಾರಿ ಪರೀಕ್ಷಿಸಿಕೊಳ್ಳಬೇಕು? ಹೆಚ್ಚು ಪರೀಕ್ಷಿಸಿದಷ್ಟೂ ಹೆಚ್ಚು ಆರೋಗ್ಯ ಎಂಬ ನಂಬಿಕೆ ನಮ್ಮ ವಾಯುವಿಹಾರದ ಬಳಗದಲ್ಲಿ ಗಟ್ಟಿಯಾಗಿದೆ. ಇದಕ್ಕೆ ಆಧಾರ ಅಷ್ಟು ಗಟ್ಟಿಯಾಗಿಲ್ಲ. ಅಮೆರಿಕದ ನಾರ್ತ್ ಕೆರೋಲಿನಾದಲ್ಲಿ ಇನ್ಸುಲಿನ್ ತೆಗೆದುಕೊಳ್ಳದ 450 ಮಂದಿ ಎರಡನೆಯ ಬಗೆಯ ಮಧುಮೇಹಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮನೆಯ ಪರೀಕ್ಷೆಯೇ ಬೇಡವೆಂದೂ ಉಳಿದೆರಡಕ್ಕೆ ದಿನಕ್ಕೊಂದು ಬಾರಿ ಪರೀಕ್ಷಿಸಿಕೊಳ್ಳಬೇಕೆಂದೂ ಹೇಳಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದ ಬಳಿಕ ಮೂರೂ ಗುಂಪುಗಳ ಎಚ್‌ಬಿಎ1ಸಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಯಾವುದಾದರೊಂದು ನಿರ್ಧಾರವನ್ನು ಬದಲಿಸುವಂತಿದ್ದರೆ ಮಾತ್ರ ಮಾಹಿತಿಗೆ ಬೆಲೆ. ಪ್ರತಿದಿನ ಬೆಳಿಗ್ಗೆ ಒಂದು ಸಂಖ್ಯೆ ನೋಡಿ, ಬರೆದು, ನಿಟ್ಟುಸಿರುಬಿಟ್ಟು, ಎಂದಿನಂತೆ ನಾಲ್ಕು ಇಡ್ಲಿ ತಿನ್ನುವುದಾದರೆ ಆ ಪಟ್ಟಿಯ ಹಣ ಪೋಲು.

ಇನ್ಸುಲಿನ್ ತೆಗೆದುಕೊಳ್ಳುವವರ ಮಾತು ಬೇರೆ. ಅವರಿಗೆ ಪ್ರತಿ ಬಾರಿಯೂ ಎಷ್ಟು ಔಷಧಿಯೆಂಬ ನಿರ್ಧಾರ ಸಂಖ್ಯೆಯ ಮೇಲೆ ನಿಂತಿದೆ. ಗರ್ಭಿಣಿಯರಿಗೂ, ಸಕ್ಕರೆ ಕುಸಿಯುವ ಅಪಾಯವಿರುವ ಮಾತ್ರೆ ನುಂಗುವವರಿಗೂ, ಜ್ವರ ಬಂದವರಿಗೂ, ಔಷಧಿ ಬದಲಾದವರಿಗೂ ಪರೀಕ್ಷೆ ಬೇಕು. ನನ್ನಂಥ ಉಳಿದವರು ಪರೀಕ್ಷೆಯನ್ನು ಪ್ರಶ್ನೆಯಂತೆ ಬಳಸಬೇಕೆಂದು ವೈದ್ಯರು ಹೇಳಿಕೊಟ್ಟರು. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿದರೆ ಆ ಊಟ ಏನು ಮಾಡಿತೆಂದು ತಿಳಿಯುತ್ತದೆ. ಹೀಗೆ ನೋಡಿದಾಗಲೇ ನನ್ನ ಒಂದು ಮೂಢನಂಬಿಕೆ ಒಡೆಯಿತು. ರಾಗಿಯೆಂದರೆ ಸಕ್ಕರೆ ಕಾಯಿಲೆಗೆ ಮದ್ದೆಂದು ನಂಬಿ ಎರಡು ದಪ್ಪ ಮುದ್ದೆ ಉಣ್ಣುತ್ತಿದ್ದೆ. ಅದು ಅನ್ನದಷ್ಟೇ ಏರಿಸುತ್ತಿತ್ತು. ಒಂದೇ ಸಣ್ಣ ಮುದ್ದೆ, ಬಟ್ಟಲು ತುಂಬ ಬಸ್ಸಾರಿನ ಸೊಪ್ಪು-ಕಾಳು, ಅನಂತರ ಇಪ್ಪತ್ತು ನಿಮಿಷ ನಡಿಗೆ ಎಂದಾದಾಗ ಏರಿಕೆ ಅರ್ಧಕ್ಕಿಳಿಯಿತು. ಇದು ನನ್ನ ದೇಹದ ಲೆಕ್ಕ. ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ತಾವೇ ಕಂಡುಕೊಳ್ಳಬೇಕು.

ಸಂಖ್ಯೆಗಳ ಮಿತಿಯನ್ನೂ ತಿಳಿದಿರಬೇಕು. ಈ ಮಾಪಕಗಳಿಗೆ 2013ರಲ್ಲಿ ಪರಿಷ್ಕರಿಸಲಾದ ಅಂತರರಾಷ್ಟ್ರೀಯ ಗುಣಮಟ್ಟದ ಪ್ರಕಾರ, ಸಕ್ಕರೆ 100 ಅಥವಾ ಹೆಚ್ಚಿದ್ದಾಗ ಶೇ 95ರಷ್ಟು ಫಲಿತಾಂಶಗಳು ಪ್ರಯೋಗಾಲಯದ ಪ್ರಮಾಣಕ್ಕಿಂತ ಶೇ 15ರಷ್ಟು ಹೆಚ್ಚು-ಕಡಿಮೆಯೊಳಗೆ ಇದ್ದರೆ ಸಾಕು. 100ಕ್ಕಿಂತ ಕಡಿಮೆಯಿದ್ದಾಗ 15 ಮಿಲಿಗ್ರಾಂ ಹೆಚ್ಚು-ಕಡಿಮೆಯಾಗಬಹುದು. ನಿಜವಾಗಿ 200 ಇರುವುದನ್ನು ಒಳ್ಳೆಯ ಮಾಪಕವೂ 170 ಎನ್ನಬಹುದು, 230 ಎನ್ನಬಹುದು. ಆದ್ದರಿಂದ ನಿನ್ನೆ 142, ಇಂದು 150 ಎಂದು ಕೊರಗುವುದು ಅರ್ಥಹೀನ. ರಕ್ತಹೀನತೆಯಿರುವವರಲ್ಲಿ ಹಲವು ಮಾಪಕಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದ್ದ ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪಟ್ಟಿಗಳು ತೇವಾಂಶಕ್ಕೆ ಕೆಡುತ್ತವೆ. ಅಡುಗೆಮನೆಯ ಆವಿ, ಕಾರಿನ ಬಿಸಿ ಎರಡೂ ಅವಕ್ಕೆ ಶತ್ರು.

ಇನ್ನು ಹಣದ ಮಾತು. ಮಾಪಕ ಅಗ್ಗ, ಕೆಲವೊಮ್ಮೆ ಪಟ್ಟಿಯ ಡಬ್ಬಿಯೊಂದಿಗೆ ಉಚಿತ. ಆದರೆ ಒಂದು ಕಂಪನಿಯ ಮಾಪಕಕ್ಕೆ ಇನ್ನೊಂದರ ಪಟ್ಟಿ ಹೊಂದುವುದಿಲ್ಲ. ಪರಸ್ಪರ ಪೂರಕವಾದ ಎರಡು ಸರಕುಗಳಲ್ಲಿ ಒಂದನ್ನು ಅಗ್ಗವಾಗಿ ಕೊಟ್ಟು ಇನ್ನೊಂದರಲ್ಲಿ ಲಾಭ ಮಾಡುವ ಈ ತಂತ್ರ ಕ್ಷೌರದ ಬ್ಲೇಡಿನಷ್ಟು ಹಳೆಯದು. ಮಾಪಕ ಕೊಳ್ಳುವಾಗ ಅದರ ಬೆಲೆಗಿಂತ ಪಟ್ಟಿಯ ಬೆಲೆಯನ್ನು ಕೇಳುವುದು ಜಾಣತನ. 2021ರ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಗ್ಲುಕೋಮೀಟರ್ ಸೇರಿ ಐದು ಉಪಕರಣಗಳ ಮಾರಾಟ ಲಾಭಾಂಶಕ್ಕೆ ಶೇ 70ರ ಮಿತಿ ಹಾಕಿತು. 2025ರ ಸೆಪ್ಟೆಂಬರ್ 22ರಿಂದ ಮಾಪಕ ಮತ್ತು ಪಟ್ಟಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಎರಡೂ ಸ್ವಾಗತಾರ್ಹ ಕ್ರಮಗಳೇ. ಆದರೂ ಪಟ್ಟಿಯೊಂದಕ್ಕೆ ಇಪ್ಪತ್ತು ರೂಪಾಯಿಯೆಂದು ಹಿಡಿದರೆ ದಿನಕ್ಕೆ ನಾಲ್ಕು ಬಾರಿ ಪರೀಕ್ಷಿಸಿಕೊಳ್ಳಬೇಕಾದವರಿಗೆ ತಿಂಗಳಿಗೆ 2,400 ರೂಪಾಯಿ.

ಈ ಲೆಕ್ಕದ ಅರ್ಥ ನನಗೆ ತಿಳಿದದ್ದು ನಮ್ಮ ಮನೆಯಲ್ಲಿಯೇ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆಂಬುದು ವರ್ಷಗಟ್ಟಲೆ ನಮಗೆ ಗೊತ್ತಿರಲಿಲ್ಲ. ನನ್ನ ಆ ರಾತ್ರಿಯ ಸುದ್ದಿ ಕೇಳಿದ ಮೇಲೆ ಅವಳೇ ನನ್ನ ಪತ್ನಿಗೆ ಹೇಳಿದಳು: ‘ನನಗೂ ಹಂಗೇ ಆಗಿತ್ತಮ್ಮ, ಬಸ್ಸಲ್ಲಿ. ಅವತ್ತಿಂದ ಡಾಕ್ಟ್ರು ಹೇಳಿದ್ದರಲ್ಲಿ ಅರ್ಧ ಮಾತ್ರ ಹಾಕ್ಕೋತೀನಿ.’ ಸಕ್ಕರೆ ಎಷ್ಟಿದೆಯೆಂದು ನೋಡಿಕೊಳ್ಳುವ ದಾರಿಯಿಲ್ಲದ ಅವಳು, ಕುಸಿಯುವ ಭಯಕ್ಕೆ ಔಷಧಿಯನ್ನೇ ಅರ್ಧಕ್ಕಿಳಿಸಿದ್ದಳು. ಮಾತ್ರೆ ನುಂಗುವ ನಾನು ಕುತೂಹಲಕ್ಕೆಂದು ದಿನಕ್ಕೆ ಮೂರು ಪಟ್ಟಿ ಬಳಸುತ್ತಿದ್ದ ಮನೆಯಲ್ಲಿ, ಪಾತ್ರೆ ತೊಳೆಯುತ್ತಿದ್ದವಳಿಗೆ ವಾರಕ್ಕೊಂದು ಪಟ್ಟಿಯೂ ಇರಲಿಲ್ಲ. ಸಂಪನ್ಮೂಲಗಳ ತಪ್ಪು ಹಂಚಿಕೆಗೆ ಪಠ್ಯಪುಸ್ತಕದಲ್ಲಿಯೂ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಂತೆ ಮನೆಮನೆಗೆ ಹೋಗಿ ರೋಗ ಪತ್ತೆಹಚ್ಚುವ ಪ್ರಯತ್ನ ಒಳ್ಳೆಯದೇ. ಆದರೆ ಪತ್ತೆಯಾದ ಮೇಲಿನ ದಾರಿ ಉದ್ದವಾದದ್ದು. ಮೊದಲನೆಯ ಬಗೆಯ ಎಲ್ಲ ಮಧುಮೇಹಿಗಳಿಗೂ ಕೈಗೆಟುಕುವ ಬೆಲೆಯಲ್ಲಿ ಇನ್ಸುಲಿನ್ ಮಾತ್ರವಲ್ಲ, ಮನೆಯಲ್ಲಿ ಪರೀಕ್ಷಿಸಿಕೊಳ್ಳುವ ಸಾಧನವೂ 2030ರೊಳಗೆ ದೊರೆಯಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2022ರಲ್ಲಿ ಒಪ್ಪಿಕೊಂಡವು. ಇನ್ಸುಲಿನ್ ಮತ್ತು ಪಟ್ಟಿ ಎರಡನ್ನೂ ಒಂದೇ ಔಷಧಿಯೆಂದು ನೋಡಬೇಕೆಂಬ ವಿವೇಕ ಅದರಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಪಡೆಯುವ ಪ್ರತಿಯೊಬ್ಬರಿಗೂ, ಅವರ ಮಧುಮೇಹ ಯಾವ ಬಗೆಯದಾದರೂ ಸರಿ, ಅದರೊಂದಿಗೆ ತಿಂಗಳಿಗಿಷ್ಟು ಪಟ್ಟಿಗಳನ್ನೂ ಕೊಡುವುದನ್ನು ನಮ್ಮ ಸರ್ಕಾರ ಕರ್ತವ್ಯವೆಂದು ಭಾವಿಸಬೇಕು. ದೊಡ್ಡ ಪ್ರಮಾಣದಲ್ಲಿ ಟೆಂಡರ್ ಕರೆದರೆ ಬೆಲೆ ಎಷ್ಟು ಇಳಿಯುತ್ತದೆಂಬುದನ್ನು ಖರೀದಿ ಸಮಿತಿಗಳಲ್ಲಿ ಕುಳಿತು ಬಲ್ಲೆ. ಡಯಾಲಿಸಿಸ್ ಕೇಂದ್ರಗಳಿಗೆ ಮಾಡುವ ವೆಚ್ಚದ ಮುಂದೆ ಇದು ದುಬಾರಿಯಲ್ಲ.

ಪರೀಕ್ಷಿಸಿಕೊಳ್ಳುವ ನಮ್ಮ ಮೇಲೂ ಒಂದು ಸಣ್ಣ ಹೊಣೆಯಿದೆ. ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಎಸೆದರೆ ಅದು ಚುಚ್ಚುವುದು ಬರಿಗೈಯಲ್ಲಿ ಕಸ ವಿಂಗಡಿಸುವ ಪೌರಕಾರ್ಮಿಕರನ್ನು. 2016ರ ಘನತ್ಯಾಜ್ಯ ನಿಯಮಗಳೇ ಮನೆಯ ಸೂಜಿಗಳನ್ನು ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಅವನ್ನು ಕೂಡಿಟ್ಟು, ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ, ಹೆಸರು ಬರೆದು ಪ್ರತ್ಯೇಕವಾಗಿ ಕೊಡುವುದು ಕಷ್ಟವೇನಲ್ಲ.

ಈಗ ನಾನು ವಾರಕ್ಕೆ ಎರಡು ದಿನ ಪರೀಕ್ಷಿಸಿಕೊಳ್ಳುತ್ತೇನೆ. ಯಾವ ದಿನವೆಂಬುದನ್ನು ನನ್ನ ಪತ್ನಿ ನಿರ್ಧರಿಸುತ್ತಾರೆ. ಹಬ್ಬದ ಮರುದಿನವನ್ನು ಅವರು ತಪ್ಪಿಸುವುದಿಲ್ಲ. ಉಳಿದ ಪಟ್ಟಿಗಳೊಂದಿಗೆ ನನ್ನ ಹಳೆಯ ಮಾಪಕವನ್ನು ಆ ಹೆಣ್ಣುಮಗಳಿಗೆ ಕೊಟ್ಟಿದ್ದೇವೆ. ಅವಳು ತನ್ನ ವೈದ್ಯರಿಗೆ ಅಂಕಿಗಳನ್ನು ತೋರಿಸಿ ಇನ್ಸುಲಿನ್ ಪ್ರಮಾಣವನ್ನು ಸರಿಪಡಿಸಿಕೊಂಡಿದ್ದಾಳೆ. ಕಳೆದ ತಿಂಗಳು ಅವಳ ನೋಟ್‌ಬುಕ್ ನೋಡಿದೆ. 212, 96, 264, 71 ಎಂದು ಇದ್ದದ್ದು ಇದ್ದ ಹಾಗೆ ಬರೆದಿದ್ದಳು, ಒಂದು ದಿನವನ್ನೂ ಬಿಟ್ಟಿರಲಿಲ್ಲ. ಗೆರೆ ಎಳೆದ ನನ್ನ ವಹಿ ಎಂದೂ ಅಷ್ಟು ಪ್ರಾಮಾಣಿಕವಾಗಿರಲಿಲ್ಲ.